ಆರೂವರೆ ಮಿಲಿ

ನಮ್ಮ ಕಡೆ ಊರುಗಳ ಹೆಸರೇ ಪೋರ್ಟು.
ಪೋರ್ಟ್ ಆಗಸ್ಟ, ಪೋರ್ಟ್ ಪಿರಿ, ಮುಂದೆ ಪೋರ್ಟ್ ವೇಕ್‌ಫೀಲ್ಡ್,
ಆಮೇಲೆ ಅಡಿಲೇಡ್, ಆಸ್ಪತ್ರೆಯ ಮೂರನೇ ಮಹಡಿ.
ವೈಯಾಲದಿಂದ ನಾಲ್ಕೂವರೆ ತಾಸು ಕಾರು ಓಡಿಸುತ್ತಾನೆ ಡ್ಯಾರಿಲ್,
ನನ್ನ ಪೋರ್ಟಿಗೆ ಸೂಜಿ ಚುಚ್ಚಿಸಲು.

ಅದಿರುವುದು ಪಕ್ಕೆಲುಬಿನ ಕೆಳಗೆ, ಚರ್ಮದಡಿ,
ಕೋಟಿನ ಗುಂಡಿಯಷ್ಟು.
ನರ್ಸ್ ಇಮೋಜೆನ್ ತಡಕುತ್ತಾಳೆ
ಕತ್ತಲಲ್ಲಿ ಸ್ವಿಚ್ಚು ಹುಡುಕುವವಳ ಹಾಗೆ,
"ಇಲ್ಲೇ ಇತ್ತಲ್ಲ, ನೊಲೀನ್."
ಒಮ್ಮೆ ಅದು ಮಗುಚಿ ಮಲಗಿತ್ತು
ಮುನಿದ ಗಂಡನ ಹಾಗೆ ಬೆನ್ನು ಕೊಟ್ಟು.
ತಿರುಗಿಸಲಿಕ್ಕೇ ಬೇರೆ ಆಪರೇಶನ್ನು.

ಒಟ್ಟು ಆರೂವರೆ ಮಿಲಿ ಉಪ್ಪುನೀರು.
ಒಂದು ಸಂಜೆ ಕೂತು ಅತ್ತರೆ ಅಷ್ಟು ಬಂದೀತು.
ಆ ನೀರು ಕೊಳವೆಯಲ್ಲಿ ಇಳಿದು
ಜಠರದ ಕೊರಳಿಗೆ ತೊಡಿಸಿದ ಬಳೆಯನ್ನು ಊದಿಸುತ್ತದೆ,
ಬಳೆ ಬಿಗಿಯುತ್ತದೆ,
ನಾಲ್ಕು ಚಮಚಕ್ಕೆ ನಾನು ಸಾಕೆನ್ನುತ್ತೇನೆ.
ಇಲ್ಲದವರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟುತ್ತಾರೆ,
ನಾನು ಒಳಗಿನಿಂದ ಸಿಲಿಕೋನ್ ಕಟ್ಟಿಸಿಕೊಂಡೆ
ಕಾರವಾನ್ ಮಾರಿದ ದುಡ್ಡು ಕೊಟ್ಟು.

ಸುಳ್ಳು ಹೇಳಲಾರೆ, ಮೊದಲೆರಡು ವರ್ಷ ಹಬ್ಬ.
ನಲವತ್ತೊಂದು ಕಿಲೊ ಎಲ್ಲಿ ಹೋಯಿತೋ.
ಮೊಣಕಾಲು ನನ್ನ ಮಾತು ಕೇಳಿದವು.
ಜೂನ್ ಚಳಿಯಲ್ಲಿ ರಬ್ಬರ್ ಅಂಗಿ ತೊಟ್ಟು
ಕೊಲ್ಲಿಗಿಳಿದು ಕಟಲ್‌ಫಿಶ್‌ಗಳನ್ನು ಕಂಡೆ,
ಒಂದು ನನ್ನ ಮುಖದೆದುರೇ ನಿಂತು
ಕೆಂಪಾಯಿತು, ಪಟ್ಟೆಯಾಯಿತು, ಕಲ್ಲಾಯಿತು.
ಅಷ್ಟು ಸಲೀಸಾಗಿ ಬದಲಾಗಬಹುದು ಅಂದುಕೊಂಡೆ.

ಆಮೇಲೆ ಬ್ರೆಡ್ಡು.
ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ
ದಿನಕ್ಕೆ ಇನ್ನೂರು ಪೈ ಬಡಿಸುವವಳು
ಒಂದು ಚೂರು ಬ್ರೆಡ್ಡಿಗೆ ಹೆದರತೊಡಗಿದೆ.
ಎದೆಯ ನಡುವೆ ಅದು ನಿಂತುಬಿಡುತ್ತದೆ, ಬಿಸಿತುಪ್ಪ,
ನುಂಗಲಾಗದು, ಉಗುಳಲಾಗದು,
ಬಾಯಲ್ಲಿ ಲೋಳೆ ಉಕ್ಕುತ್ತದೆ.
"ಬಂದೆ" ಅಂತ ಏಳುವುದು, ಬಚ್ಚಲ ಬಾಗಿಲು ಹಾಕುವುದು,
ಸದ್ದು ಮುಚ್ಚಲು ನಲ್ಲಿ ತಿರುಗಿಸುವುದು.
ಕ್ರಿಸ್ಮಸ್ಸಿನ ಊಟದಲ್ಲಿ ಸೊಸೆ ಟಾಮ್ಸಿನ್ ಮಾಡಿದ ಕುರಿಮಾಂಸ
ಮೂರು ಸಲ ನಲ್ಲಿ.
ಹೊರಬಂದರೆ ಎಲ್ಲರೂ ಕ್ರಿಕೆಟ್ ಮಾತಾಡುತ್ತಿದ್ದರು, ಜೋರಾಗಿ.

ಏನು ಇಳಿಯುತ್ತದೆ ಗೊತ್ತೆ? ಐಸ್‌ಕ್ರೀಮು.
ಕರಗಿದ ಚಾಕೊಲೇಟು.
ಇಳಿದದ್ದನ್ನು ತಿಂದೆ.
ತೂಕ ಮರಳಿತು, ಇಪ್ಪತ್ತೇಳು ಕಿಲೊ.
"ಕದ್ದು ತಿನ್ನುತ್ತಾಳೆ" ಎಂದಳು ನನ್ನ ತಂಗಿಯೇ.
ಅದೂ ನಿಜ. ನಿಜಕ್ಕೆ ಎಷ್ಟು ಬಾಗಿಲು.

ರಾತ್ರಿ ಹುಳಿ ನೀರು ಮೂಗಿಗೆ ಬಂದು ಎಚ್ಚರ.
ನಾಲ್ಕು ದಿಂಬಿಗೆ ಒರಗಿ ಕೂತೇ ನಿದ್ದೆ,
ಚಳಿಗಾಲಕ್ಕೊಂದು ನ್ಯುಮೋನಿಯ.
ಬಳೆ ಜಾರಿದೆ ಎಂದರು, ನೀರೆಲ್ಲ ಹೀರಿ ತೆಗೆದರು.
ಮರುವರ್ಷ ಪೋರ್ಟಿನ ಮೇಲೆ ಕೆಂಪು, ಬಿಸಿ,
ಕೀವು ಅಂಗಿಗೆ ಅಂಟಿತು.
ಹುಣ್ಣು ಹೊರಗಿನದಲ್ಲ ಎಂದು ಗಂಟಲೊಳಗೆ ಕ್ಯಾಮರಾ ಇಳಿಸಿದರು.
ಪರದೆಯ ಮೇಲೆ, ಗುಲಾಬಿ ಗೋಡೆಯಲ್ಲಿ,
ಬಿಳಿಯ ಅಂಚೊಂದು ಇಣುಕುತ್ತಿತ್ತು.
ಹನ್ನೊಂದು ವರ್ಷ ಕೊರೆದು ಕೊರೆದು
ಬಳೆ ನನ್ನ ಹೊಟ್ಟೆಯೊಳಕ್ಕೆ ಬಂದಿತ್ತು.
ನಾನು ನುಂಗದೆ ಒಳಗೆ ಹೋದದ್ದು ಅದೊಂದೇ.

ತೆಗೆದರು. ಸ್ಟೀಲ್ ಬಟ್ಟಲಲ್ಲಿ ತೋರಿಸಿದರು,
ಹಳದಿಗಟ್ಟಿ, ಕೂಸಿನ ಆಟಿಕೆಯ ಹಾಗೆ.
"ಮನೆಗೆ ಒಯ್ಯಲೆ?" ಕೇಳಿದೆ.
ಡಾಕ್ಟರಿಗೆ ನಗು ಬಂತು. ನನಗೆ ತಮಾಷೆ ಇರಲಿಲ್ಲ.

ಈಗ ಹಸಿವು ಹಿಂದಿರುಗಿದೆ,
ಬಾಡಿಗೆ ಬಾಕಿ ಇಟ್ಟು ಓಡಿಹೋದ ಹಳೆ ಒಕ್ಕಲು,
ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ.
ಬೇರೆ ಆಪರೇಶನ್ ಇದೆಯಂತೆ. ನೋಡೋಣ ಅಂದಿದ್ದೇನೆ.

ನಿನ್ನೆ ಊಟದ ನಡುವೆ ಎದ್ದು
ಕೈಗೆ ಮೆತ್ತಿದ ಗ್ರೇವಿ ತೊಳೆಯಲು ನಲ್ಲಿ ತಿರುಗಿಸಿದೆ.
ಆಚೆ ಫೋರ್ಕುಗಳು ನಿಂತವು.
ಡ್ಯಾರಿಲ್ ಕ್ರಿಕೆಟ್ ಶುರುಮಾಡಿದ.
ನಲ್ಲಿ ನಿಲ್ಲಿಸಿದೆ, ಬಾಗಿಲು ತೆರೆದೇ ಇಟ್ಟೆ,
ಒದ್ದೆ ಕೈಯಲ್ಲಿ ಅಲ್ಲೇ ನಿಂತೆ,
ಕೇಳಲಿ ಅಂತ, ಏನೂ ಇಲ್ಲದ್ದನ್ನು.